ಹನ್ನೆರಡೇ ಸಾಕು

ಸ್ಕಾಟ್ಲೆಂಡಿನ ಪಶ್ಚಿಮದ ಕಡಲಿನಲ್ಲಿರುವ ಆರನ್ ದ್ವೀಪದ ಜನಸಂಖ್ಯೆ ಐದು ಸಾವಿರಕ್ಕೂ ಕಡಿಮೆ. ಗಾಲ್ಫ್ ಮೈದಾನಗಳು ಮಾತ್ರ ಏಳು. ನಮ್ಮ ಕಡೆ ಊರಿಗೊಂದು ಹನುಮಂತನ ಗುಡಿ ಇದ್ದ ಹಾಗೆ ಇಲ್ಲಿ ಊರಿಗೊಂದು ಗಾಲ್ಫ್. ಲಾಕ್‌ರಾನ್ಜಾ ಎಂಬಲ್ಲಂತೂ ಕೆಂಪು ಜಿಂಕೆಗಳು ಮೈದಾನದಲ್ಲೇ ಮೇಯುತ್ತಿರುತ್ತವೆ. ನೀವು ಹೊಡೆಯಲು ನಿಂತರೆ ತಲೆಯೆತ್ತಿ ನೋಡುತ್ತವೆ, ಹೊಡೆದ ಮೇಲೆ ಮತ್ತೆ ಮೇಯುತ್ತವೆ. ಅಷ್ಟು ಮರ್ಯಾದಸ್ಥ ಪ್ರೇಕ್ಷಕರು ನಮಗೆ ಬೇರೆಲ್ಲೂ ಸಿಕ್ಕಿಲ್ಲ.

ನಾವು ನಾಲ್ವರು ಗ್ಲಾಸ್ಗೋ ಸುತ್ತಮುತ್ತ ದುಡಿದು ನಿವೃತ್ತರಾದ ಕನ್ನಡಿಗರು. ಒಬ್ಬ ಮೂಳೆ ಡಾಕ್ಟರು, ಒಬ್ಬ ಅರಿವಳಿಕೆ ಡಾಕ್ಟರು, ಪುತ್ತೂರು ಕಡೆಯ ಒಬ್ಬ ಎಂಜಿನಿಯರು, ಮತ್ತೆ ನಾನು. ಊರಲ್ಲಿದ್ದಾಗ ಯಾರೂ ಗಾಲ್ಫ್ ಕೋಲು ಮುಟ್ಟಿದವರಲ್ಲ. ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ಬಿದೆ; ಹೈಗ್ರೌಂಡ್ಸ್ ಕಡೆ ಹೋಗುವಾಗ ಅದನ್ನು ಕಾಂಪೌಂಡಿನ ಆಚೆಯ ಹಸಿರಾಗಿ ಕಂಡಿದ್ದೆವು. ಅದು ನಮ್ಮಂಥವರಿಗಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಸ್ಕಾಟ್ಲೆಂಡಿಗೆ ಬಂದು ನೋಡಿದರೆ ಬಸ್ ಓಡಿಸುವವನೂ ಅಂಚೆ ಹಂಚುವವನೂ ಚೀಲ ಹೆಗಲಿಗೇರಿಸಿ ಹೊರಟಿರುತ್ತಾರೆ. ನಲವತ್ತು ದಾಟಿದ ಮೇಲೆ ನಾವೂ ಶುರು ಮಾಡಿದೆವು. ಆ ವಯಸ್ಸಿನಲ್ಲಿ ಕಲಿತ ಸಂಗೀತ ಹೇಗಿರುತ್ತದೋ ನಮ್ಮ ಆಟ ಹಾಗೇ ಇದೆ ಅನ್ನೋಣ. ಅಂತೂ ಪ್ರತಿ ಮೇ ತಿಂಗಳಲ್ಲಿ ಆರನ್‌ಗೆ ಹೋಗುವುದೊಂದು ರೂಢಿಯಾಯಿತು.

ಗಾಳಿ ಜೋರಾದರೆ ಹಡಗು ಹೊರಡುವುದಿಲ್ಲ. ಆಗ ಬಂದರಿನಲ್ಲಿ ಕಾರಿನೊಳಗೇ ಕೂತು, ಮಳೆಯ ಗಾಜಿನಾಚೆ ದ್ವೀಪ ಇದ್ದರೂ ಇರಬಹುದಾದ ದಿಕ್ಕನ್ನು ನೋಡುತ್ತಾ ಪುಳಿಯೋಗರೆ ತಿನ್ನುವುದು. ಗೊಜ್ಜು ಯಾವಾಗಲೂ ಮೂಳೆ ಡಾಕ್ಟರದೇ. ಮೈಸೂರಿನ ಮನೆಯ ಪಾಕ. ಎಳ್ಳು ಹುರಿಯುವಾಗ ಯಾರನ್ನೂ ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. ಗಾಲ್ಫ್ ಚೀಲದಲ್ಲಿ ಚೆಂಡುಗಳಿಗೆಂದೇ ಒಂದು ಜಿಪ್ಪಿನ ಜೇಬಿರುತ್ತದೆ. ನಮ್ಮಲ್ಲಿ ಅದು ಅವರೇಕಾಳು ಮಿಕ್ಸ್ಚರಿನ ಜಾಗ. ಎಣ್ಣೆಗೈಯಲ್ಲಿ ಹಿಡಿದ ಕೋಲು ಒಮ್ಮೆ ಚೆಂಡಿಗಿಂತ ದೂರ ಹೋದದ್ದೂ ಉಂಟು.

ಏಳು ಮೈದಾನಗಳಲ್ಲಿ ನಮ್ಮ ಮನಸ್ಸು ಪೂರ್ತಿ ನಿಂತದ್ದು ಬ್ಲ್ಯಾಕ್‌ವಾಟರ್‌ಫುಟ್ ಊರಿನ ಶಿಸ್ಕಿನ್ ಮೇಲೆ. ಅಲ್ಲಿ ಇರುವುದು ಹನ್ನೆರಡೇ ಹೋಲು. 1896ರಲ್ಲಿ ಆರಂಭವಾದಾಗ ಒಂಬತ್ತು. ಅದನ್ನು ರೂಪಿಸಿದ ವಿಲಿ ಫರ್ನಿ 1883ರ ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದವನು. ಮುಂದೆ ಹದಿನೆಂಟಕ್ಕೆ ಹಿಗ್ಗಿಸಿದರು. ಮೊದಲ ಮಹಾಯುದ್ಧದ ಕಾಲಕ್ಕೆ ಗುಡ್ಡದ ಮೇಲಿನ ಆರು ಹೋಲುಗಳು ಪಾಳುಬಿದ್ದವು. ಯುದ್ಧ ಮುಗಿದ ಮೇಲೂ ಊರಿನವರು ಅವನ್ನು ಎಬ್ಬಿಸಲು ಹೋಗಲಿಲ್ಲ. ಜಗತ್ತೆಲ್ಲ ಹದಿನೆಂಟು ಎಂದು ಕೂತಿರುವಾಗ ಇವರು ಉಳಿದ ಹನ್ನೆರಡನ್ನು ಆಡಿಕೊಂಡು ಹಾಯಾಗಿದ್ದಾರೆ.

ಹದಿನೆಂಟೇನು ವೇದವಾಕ್ಯವೂ ಅಲ್ಲ. ಸೇಂಟ್ ಆಂಡ್ರೂಸ್‌ನವರು 1764ರಲ್ಲಿ ಗಿಡ್ಡ ಹೋಲುಗಳನ್ನು ಕೂಡಿಸಿ ತಮ್ಮ ಸುತ್ತನ್ನು ಇಪ್ಪತ್ತೆರಡರಿಂದ ಹದಿನೆಂಟಕ್ಕೆ ಇಳಿಸಿಕೊಂಡರು, ಉಳಿದವರು ಕ್ರಮೇಣ ಹಿಂದೆ ಹೋದರು. ಆರನ್ನಿನ ಎದುರು ದಡದ ಪ್ರೆಸ್ಟ್‌ವಿಕ್‌ನಲ್ಲಿ 1860ರಲ್ಲಿ ಮೊತ್ತಮೊದಲ ಓಪನ್ ನಡೆದಾಗ ಅಲ್ಲಿದ್ದದ್ದೂ ಹನ್ನೆರಡೇ. ಎಂಟು ಜನ ಅದನ್ನೇ ಮೂರು ಸುತ್ತು ಹಾಕಿ ಒಂದೇ ದಿನದಲ್ಲಿ ಮುಗಿಸಿದರು. ಹನ್ನೆರಡನೆಯದು ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಳ್ಳುವ ನಮಗೆ ಈ ಇತಿಹಾಸ ಬಾಯಿಪಾಠ.

ಶಿಸ್ಕಿನ್‌ನ ಮೂರನೆಯ ಹೋಲಿಗೆ ಕ್ರೋಸ್ ನೆಸ್ಟ್ ಎಂದು ಹೆಸರು. ಡ್ರುಮಡೂನ್ ಎಂಬ ಕಪ್ಪು ಬಂಡೆಗೋಡೆಯ ಕಡೆಗೆ, ಕಡಿದಾದ ದಿಬ್ಬದ ಮೇಲೆ ಗ್ರೀನ್ ಇದೆಯೆಂದು ನಂಬಿ ಹೊಡೆಯಬೇಕು. ಕೆಳಗಿನಿಂದ ಏನೂ ಕಾಣದು. ದೂರ ಹೆಚ್ಚಿಲ್ಲ, ಎತ್ತರವೇ ಕಷ್ಟ. ಅರಿವಳಿಕೆ ಡಾಕ್ಟರು ಪ್ರತಿ ಸಲ ನನ್ನ ಹಿಂದೆ ನಿಂತು, ಆಪರೇಷನ್ ಥಿಯೇಟರಿನ ಆ ಮೆತ್ತನೆಯ ದನಿಯಲ್ಲಿ, "ಈಗ ಹತ್ತರಿಂದ ಹಿಂದಕ್ಕೆ ಎಣಿಸಿ" ಎನ್ನುತ್ತಾರೆ. ಏಳಕ್ಕೆ ಬರುವಷ್ಟರಲ್ಲಿ ಚೆಂಡು ಪೊದೆಯಲ್ಲಿರುತ್ತದೆ.

ಇನ್ನು ಹುಡುಕಾಟ. ಕಳೆದ ಚೆಂಡು ಹುಡುಕಲು ಹಿಂದೆ ಐದು ನಿಮಿಷ ಕೊಡುತ್ತಿದ್ದರು, 2019ರಿಂದ ಮೂರೇ. ನಮಗೆ ಪೊರೆ ಬರುವುದನ್ನೇ ಕಾದಿದ್ದು ಮಾಡಿದ ನಿಯಮ ಇದು! ಎಂಜಿನಿಯರು ಮಾತ್ರ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿನ ಗಾರ್ಸ್ ಎಂಬ ಮುಳ್ಳುಪೊದೆ ಮೈತುಂಬ ಹಳದಿ ಹೂ ಬಿಡುತ್ತದೆ. ಬಿಸಿಲು ಬಿದ್ದರೆ ಆ ಹೂವಿಗೆ ಥೇಟ್ ಕೊಬ್ಬರಿಯ ವಾಸನೆ. ಆಗತಾನೇ ತುರಿದದ್ದಲ್ಲ, ಅಂಗಳದಲ್ಲಿ ಒಣಗಿಸಲು ಹರವಿದ ಕೊಬ್ಬರಿಯದು. ಪುತ್ತೂರಿನವರನ್ನು ಆ ಪೊದೆಗೆ ಬಿಟ್ಟರೆ ಮುಗಿಯಿತು. ಕೋಲಿನಿಂದ ಮುಳ್ಳು ಸರಿಸುತ್ತಾರೆ, ಬಗ್ಗುತ್ತಾರೆ, ಮೂಗು ಅರಳಿಸಿ ಹಾಗೇ ನಿಲ್ಲುತ್ತಾರೆ. ಒಮ್ಮೆ ಚೆಂಡು ಅವರ ಬೂಟಿನ ಪಕ್ಕದಲ್ಲೇ ಬೆಳ್ಳಗೆ ಕೂತಿತ್ತು. ಎಲ್ಲರೂ ನೋಡಿದೆವು, "ಸಿಕ್ಕಿತೇ?" ಎಂದು ಯಾರೂ ಕೇಳಲಿಲ್ಲ. ಹಿಂದಿನ ಗುಂಪಿನವರನ್ನು ಕೈಬೀಸಿ ಮುಂದೆ ಕಳಿಸಿದೆವು.

ಇಂಥ ಹೊತ್ತಿಗಾಗಿಯೇ ಗಾಲ್ಫ್ ಇರುವುದು ಎಂದು ನನ್ನ ಖಚಿತ ಅಭಿಪ್ರಾಯ. ಕ್ಲಬ್ಬಿನಲ್ಲಿ ಸೀರಿಯಸ್ಸಾಗಿ ಆಡುವವರು ಒಪ್ಪಲಿಕ್ಕಿಲ್ಲ. ಗಂಡಸರು ಎದುರುಬದುರು ಕೂತರೆ ಮಾತು ಷೇರು, ಪಿಂಚಣಿ, ಮಕ್ಕಳ ಮನೆಸಾಲ ದಾಟುವುದಿಲ್ಲ. ಕಡಲ ಕಡೆ ಮುಖ ಮಾಡಿ ಜತೆಗೆ ನಡೆಯುವಾಗ ಮಾತ್ರ ಬೇರೇನಾದರೂ ಹೊರಗೆ ಬರುತ್ತದೆ. ಮೂಳೆ ಡಾಕ್ಟರು ಊರಿಗೆ ಮರಳುವ ನಿರ್ಧಾರ ಹೇಳಿದ್ದೂ ಒಂಬತ್ತನೆಯ ಹೋಲಿನ ದಾರಿಯಲ್ಲೇ, ಕೋಲು ಒರೆಸುತ್ತಾ. "ಪೇಯ್ಸ್ಲಿ ಮನೆ ಮಾರಿದೆ" ಎಂದರು. ಅರಿವಳಿಕೆ ಡಾಕ್ಟರಿಗೆ ಆಗ ಹೇಳಲು ಜೋಕು ಸಿಗಲಿಲ್ಲ. "ನಿಮ್ಮದೇ ಸರದಿ, ಹೊಡೀರಿ" ಎಂದಷ್ಟೇ ಹೇಳಿದರು.

ಈಗ ಅವರು ಮೈಸೂರಿನಲ್ಲಿದ್ದಾರೆ. ಅಲ್ಲಿ ರೇಸ್‌ಕೋರ್ಸಿನ ಒಳಗೇ ಗಾಲ್ಫ್ ಮೈದಾನವಿದೆ, ಪೂರ್ತಿ ಹದಿನೆಂಟು ಹೋಲು, ಮೇಲೆ ಚಾಮುಂಡಿ ಬೆಟ್ಟ. ಆದರೆ ಎಷ್ಟೋ ಜನರ ಮಂಡಿ ಬದಲಿಸಿದವರಿಗೆ ತಮ್ಮ ಮಂಡಿಗಳೇ ಕೈಕೊಟ್ಟಿವೆ. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, ಮಾಡುವವರ ಕೈ ಹೇಗಿದೆಯೋ ಎಂಬ ಅನುಮಾನ. ಹೋದ ಮೇ ತಿಂಗಳು ನಾವು ಮೂವರೇ ಹೋದಾಗ ವಿಡಿಯೋ ಕಾಲಿನಲ್ಲಿ ಬಂದು, ಮೂರನೆಯ ಹೋಲು ತೋರಿಸಿ ಎಂದು ಹಟ ಹಿಡಿದರು. ತೋರಿಸಿದೆವು. ಗಾಳಿಯ ಸದ್ದಿನಲ್ಲಿ ಅವರು ಹೇಳಿದ್ದೊಂದೂ ಕೇಳಿಸಲಿಲ್ಲ; ಬೈಯುತ್ತಿದ್ದರೆಂಬುದು ಮುಖದಲ್ಲೇ ಗೊತ್ತಾಯಿತು. ಮೂವರ ಆಟ ಬೇಗ ಮುಗಿಯುತ್ತದೆ. ಆ ಬೇಗ ನಮಗ್ಯಾರಿಗೂ ಬೇಕಾಗಿರಲಿಲ್ಲ.

ಹೀಗಾಗಿ, ಗ್ಲಾಸ್ಗೋ ಆಸುಪಾಸಿನಲ್ಲಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಬರುವ ಮೇ ತಿಂಗಳಿಗೆ ನಮಗೆ ನಾಲ್ಕನೆಯವರೊಬ್ಬರು ಬೇಕು. ಆಟ ಬರಬೇಕೆಂದೇನಿಲ್ಲ, ಚೆನ್ನಾಗಿ ಬರುವವರು ದಯವಿಟ್ಟು ಬೇರೆ ಕಡೆ ನೋಡಿಕೊಳ್ಳಿ. ಕಣ್ಣು ಚುರುಕಾಗಿದ್ದರೆ ಒಳ್ಳೆಯದು. ಪೊದೆಯ ಹತ್ತಿರ ಗಡಿಯಾರ ನೋಡುವ ಚಟ ಇರಕೂಡದು. ಗೊಜ್ಜು ನೀವು ತರುವುದು ಬೇಡ, ಅದು ಮೈಸೂರಿನಿಂದ ಪಾರ್ಸೆಲ್ಲಿನಲ್ಲಿ ಬರುತ್ತದಂತೆ.