ವಲೀಮಾ ಮನೆಯ ಹಾಡುಗಳು

ಲೋಕಾಪುರದಲ್ಲಿ ಬಂಧುಗಳ ವಲೀಮಾ ಬಂತೆಂದರೆ ಹಾಡುಗಳನ್ನು ಆರಿಸುವುದೇ ನಮಗೆ ದೊಡ್ಡ ಪಂಚಾಯ್ತಿ. ನಾವು ನಾಲ್ವರು: ಹಾರ್ಮೋನಿಯಂ, ಢೋಲಕ್, ಕೀಬೋರ್ಡ್ ಮತ್ತು ಒಂದು ಕಂಠ. ಹುಡುಗರಿಗೆ ಕುಣಿಯುವ ಸಿನಿಮಾ ಹಾಡು ಬೇಕು, ಚಾಚಾನಿಗೆ ಕವ್ವಾಲಿ. ವಾದ್ಯವೇ ಬೇಡವೆನ್ನುವ ಹಿರಿಯರೂ ಇದ್ದಾರೆ. ಅವರನ್ನು ನೋಯಿಸಿ ನಾವು ಯಾರ ಸಂತೋಷಕ್ಕೆ ಹಾಡಬೇಕು? ವಾದ್ಯದ ಬಗ್ಗೆ ಉಲಮಾಗಳಲ್ಲೇ ಭಿನ್ನಾಭಿಪ್ರಾಯವಿದೆ. ಮದುವೆಯಲ್ಲಿ ದಫ್ ಬಾರಿಸಲು ಹದೀಸ್‌ಗಳಲ್ಲಿ ಅನುಮತಿಯಿದೆ. ಹಾಗಾಗಿ ಹಿರಿಯರು ಊಟಕ್ಕೆ ಕೂತಿರುವಾಗ ಬರೀ ದಫ್ ಮತ್ತು ನಾತ್, ಉಳಿದದ್ದೆಲ್ಲ ಆಮೇಲೆ.

ಮುಹಮ್ಮದ್ ರಫಿ 1967ರಲ್ಲಿ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಹಾಡಿದ ಕನ್ನಡ ಹಾಡು ನಮಗೆಲ್ಲ ಇಷ್ಟ. ಆದರೆ ಅದು ನೋವಿನ ಹಾಡು, ಮದುವೆ ಮನೆಗೆ ಒಗ್ಗದು. ಬಿಟ್ಟೆವು.

ಪಂಕ್ತಿಯಲ್ಲಿ ಓಣಿಯ ಲಿಂಗಾಯತರು, ಕುರುಬರು, ನೇಕಾರರೂ ಇರುತ್ತಾರೆ. ಕವ್ವಾಲಿಗೆ ಅವರು ತಲೆದೂಗುತ್ತಾರೆ, ದನಿಗೂಡಿಸಲಾರರು. ಶಿಶುನಾಳ ಶರೀಫರ (1819-1889) ತತ್ವಪದ ಎತ್ತಿದರೆ ಮಾತ್ರ ಚಾಚಾನೂ ಪಕ್ಕದ ಮನೆಯ ಗೌಡರೂ ಒಟ್ಟಿಗೆ ತಾಳ ಹಾಕುತ್ತಾರೆ. ಗೋವಿಂದ ಭಟ್ಟರ ಆ ಶಿಷ್ಯ ಯಾರಿಗೂ ಹೊರಗಿನವರಲ್ಲ. ಕರೆದ ಮೇಲೆ ಅತಿಥಿಗೆ ಅನ್ನ ಬಡಿಸುವಂತೆ, ಅವನು ತಾನೂ ಹಾಡಬಲ್ಲ ಒಂದು ಪದವನ್ನಾದರೂ ಬಡಿಸಬೇಡವೇ?