ಮುಟ್ಟದೆ ಹಾಯುವ ದ್ರವ್ಯ

ಗೋಕಾಕದ ಕುಶಲಕರ್ಮಿಗಳು ಕಟ್ಟಿಗೆಯಲ್ಲಿ ಮಾಡಿ ಬಣ್ಣ ಹಚ್ಚಿದ ಹಣ್ಣುಗಳನ್ನು ಕಂಡು ಮೋಸಹೋಗದವರು ಕಡಿಮೆ. ಕೈಗೆತ್ತಿಕೊಂಡಾಗ ಗುಟ್ಟು ರಟ್ಟಾಗುತ್ತದೆ. ಕಣ್ಣು ಹೇಳಿದ್ದನ್ನು ತೂಕ ಒಪ್ಪುವುದಿಲ್ಲ!

ಖಗೋಳ ವಿಜ್ಞಾನಿಗಳಿಗೂ ಹೀಗೆಯೇ ಆಯಿತು. ಗೆಲಾಕ್ಸಿಗಳ ಒಂದು ಗುಂಪನ್ನು ಹಿಡಿದಿಡಲು ಅಲ್ಲಿ ಕಾಣುವ ನಕ್ಷತ್ರಗಳ ತೂಕ ಸಾಲದೆಂದು 1933ರಲ್ಲಿ ಫ್ರಿಟ್ಜ್ ಜ್ವಿಕಿ ಹೇಳಿದರು. 1970ರ ದಶಕದಲ್ಲಿ ವೆರಾ ರೂಬಿನ್ ಗೆಲಾಕ್ಸಿಗಳು ತಿರುಗುವ ವೇಗವನ್ನು ಅಳೆದಾಗಲೂ ಲೆಕ್ಕ ಕೂಡಲಿಲ್ಲ. ಬೆಳಕು ಬೀರದ, ಬೆಳಕನ್ನು ತಡೆಯದ ಏನೋ ಒಂದು ಅಲ್ಲಿದೆ. ಅದೇ ಕಪ್ಪು ದ್ರವ್ಯ. ವಿಶ್ವದಲ್ಲಿ ಅದು ಸಾಮಾನ್ಯ ದ್ರವ್ಯದ ಸುಮಾರು ಐದು ಪಟ್ಟು ಇದೆ.

ಅದು ದೂರದಲ್ಲೇನೂ ಇಲ್ಲ. ಅದರ ಒಂದೊಂದು ಕಣ ಪ್ರೋಟಾನಿನ ನೂರು ಪಟ್ಟು ಭಾರವೆಂದು ಇಟ್ಟುಕೊಳ್ಳೋಣ. ಆಗ ಮೂಡಲಗಿಯ ಮನೆಯೊಂದರ 10 ಲೀಟರಿನ ಕೊಡದಲ್ಲಿ ಯಾವ ಕ್ಷಣದಲ್ಲಾದರೂ ಸುಮಾರು 30 ಕಣಗಳಿರುತ್ತವೆ. ಅವು ಸೆಕೆಂಡಿಗೆ ಇನ್ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಕೊಡವನ್ನೂ ಹೊತ್ತವರನ್ನೂ ಹಾಯ್ದುಹೋಗುತ್ತವೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು ಘಟಪ್ರಭೆಯನ್ನು ತಡೆದೀತು, ಈ ಹರಿವನ್ನು ತಡೆಯಲಾರದು. ಗೋಡೆ ನಮ್ಮ ಕೈಯನ್ನು ತಡೆಯುವುದು ಮುಖ್ಯವಾಗಿ ಪರಮಾಣುಗಳ ವಿದ್ಯುತ್ ಬಲದಿಂದ. ಕಪ್ಪು ದ್ರವ್ಯ ಆ ಬಲಕ್ಕೆ ಸ್ಪಂದಿಸುವಂತೆ ಕಾಣುವುದಿಲ್ಲ.

ಆದರೂ ಎಂದಾದರೊಮ್ಮೆ ಒಂದು ಕಣ ಪರಮಾಣುವಿನ ನ್ಯೂಕ್ಲಿಯಸ್ಸಿಗೆ ಬಡಿಯಬಹುದು. ಗೋಲಿಗೆ ಗೋಲಿ ತಾಗಿದಂತೆ ನ್ಯೂಕ್ಲಿಯಸ್ ಚಿಮ್ಮಿ, ಬೆಳಕಿನ ಸಣ್ಣ ಮಿಣುಕು ಹುಟ್ಟಬಹುದು. ವಿಶ್ವಕಿರಣಗಳ ಗದ್ದಲದಲ್ಲಿ ಆ ಮಿಣುಕು ಕಳೆದುಹೋಗಬಾರದೆಂದೇ ನೆಲದಾಳದಲ್ಲಿ ಹುಡುಕಾಟ ನಡೆದಿದೆ. ಅಮೆರಿಕದ ಗಣಿಯೊಂದರಲ್ಲಿ 10 ಟನ್ ದ್ರವ ಕ್ಸೆನಾನ್ ಇಟ್ಟು ಕಾದವರು, ಅಂಥ ಡಿಕ್ಕಿ ಸಿಗಲಿಲ್ಲವೆಂದು 2024ರಲ್ಲಿ ತಿಳಿಸಿದರು. ಜಾರ್ಖಂಡದ ಜಾದೂಗುಡ ಯುರೇನಿಯಂ ಗಣಿಯಲ್ಲೂ 550 ಮೀಟರ್ ಆಳದಲ್ಲಿ 2017ರಲ್ಲಿ ಪ್ರಯೋಗಾಲಯ ಆರಂಭವಾಯಿತು.

ಈ ಕಥೆಯಲ್ಲಿ ನಮ್ಮ ಕೋಲಾರಕ್ಕೂ ಪಾಲಿದೆ. ಅಲ್ಲಿನ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಸಿಕ್ಕಿತು. ಮುಂದೆ ಅಲ್ಲಿಯೇ ಅರ್ಥವಾಗದ ಕೆಲವು ಜಾಡುಗಳೂ ಕಂಡವು. ಯಾವುದೋ ಕಣ ಹಾರುತ್ತಲೇ ಒಡೆದುಹೋದಂತಿದ್ದ ಅವುಗಳ ವರದಿ 1975ರಲ್ಲಿ ಬಂತು. ಅದು ಕಪ್ಪು ದ್ರವ್ಯದ ಕಣವೇ ಆಗಿರಬಹುದೇ ಎಂದು ಚೆನ್ನೈನ ವಿಜ್ಞಾನಿಗಳಾದ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ 2014ರಲ್ಲಿ ಕೇಳಿದರು. ಇದು ಇನ್ನೂ ದೃಢಪಟ್ಟಿಲ್ಲ. ಗಣಿ 2001ರಲ್ಲಿ ಮುಚ್ಚಿತು, ಪ್ರಶ್ನೆ ಮುಚ್ಚಲಿಲ್ಲ.

ಪಠ್ಯಪುಸ್ತಕದ ಉತ್ತರಗಳನ್ನು ಕಲಿಯುವ ಮಕ್ಕಳಿಗೆ ಉತ್ತರವಿಲ್ಲದ ಇಂಥ ಪ್ರಶ್ನೆಯೂ ಗೊತ್ತಿರಬೇಕು. 'ಸಿಗಲಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದಿಡುವುದೂ ವಿಜ್ಞಾನವೇ. ಅದಕ್ಕೆ ಪರೀಕ್ಷೆಯಲ್ಲಿ ಅಂಕ ಸಿಗದಿರಬಹುದು, ಮನೆಯಲ್ಲಿ ಶಹಬ್ಬಾಸ್‌ಗಿರಿ ಸಿಕ್ಕರೆ ಸಾಕು.