ಡಬ್ಬಿಯೊಳಗಿನ ಆಂಪ್

ಆಕ್ಲೆಂಡಿನ ಬಾಡಿಗೆ ಮರದ ಮನೆಯಲ್ಲಿ ಗಿಟಾರಿನ ವಾಲ್ವ್ ಆಂಪ್ ಜೋರು ಮಾಡಿದರೆ ಪಕ್ಕದ ಮನೆಯವರ ಸ್ನೇಹ ಅಲ್ಲಿಗೇ ಮುಗೀತು. ನಮಗೆ ಆಂಪ್‌ಗಳ ಸದ್ದನ್ನು ನಕಲು ಮಾಡುವ ಮಾಡೆಲರ್ ಡಬ್ಬಿ, ಹೆಡ್‌ಫೋನೇ ಗತಿ. ರಾತ್ರಿ ಕೂತು ‘ಆಹಾ’ ಅಂತ ಸೇವ್ ಮಾಡಿದ ಟೋನ್, ರಾಜ್ಯೋತ್ಸವದ ಹಾಲ್‌ನಲ್ಲಿ ತಗಡು ಬಡಿದ ಹಾಗಿತ್ತು! ತಪ್ಪು ಡಬ್ಬಿಯದಲ್ಲ. ಸದ್ದು ಕಮ್ಮಿಯಿದ್ದಾಗ ನಮ್ಮ ಕಿವಿಗೆ ಬಾಸೂ ಟ್ರೆಬಲ್ಲೂ ಕಮ್ಮಿ ಕೇಳುತ್ತವೆ, ನಾವು ಎರಡನ್ನೂ ಏರಿಸಿಡುತ್ತೇವೆ; ಹಾಲ್‌ನ ಜೋರು ಸದ್ದಿನಲ್ಲಿ ಅವೇ ಅತಿಯಾಗುತ್ತವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಕಿವಿಯ ಈ ಗುಣವನ್ನು ಅಳೆದು ತೋರಿಸಿದ್ದರು.

ಇನ್ನೊಂದು ವಿಷಯ. 12 ಇಂಚಿನ ಗಿಟಾರ್ ಸ್ಪೀಕರ್ 5-6 ಕಿಲೋಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ನುಡಿಯುವುದಿಲ್ಲ. ಹಾಲ್‌ನ ಪಿಎ ಸ್ಪೀಕರ್ ಎಲ್ಲವನ್ನೂ ಒದರುತ್ತದೆ. ಆ 5-6 ಕಿಲೋಹರ್ಟ್ಸ್ ಹತ್ತಿರ ಒಂದು ಹೈ ಕಟ್, ಕೆಳಗೆ 80-100 ಹರ್ಟ್ಸ್ ಹತ್ತಿರ ಲೋ ಕಟ್ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಗೇನ್? ಒಗ್ಗರಣೆಗೆ ಇಂಗು ಹಾಕಿದಷ್ಟು.

ಸಲಕರಣೆ ಹೆಚ್ಚಿದ್ದರೇ ಒಳ್ಳೆಯದು ಅಂತೇನಿಲ್ಲ. ಇದೇ ದೇಶದ ಡನೀಡಿನ್‌ನ ‘ದಿ ಕ್ಲೀನ್’ ತಂಡ 1981ರಲ್ಲಿ ‘ಬೂಡಲ್ ಬೂಡಲ್ ಬೂಡಲ್’ ಇಪಿಯನ್ನು ಮುದ್ರಿಸಿದ್ದು ನಾಲ್ಕೇ ಟ್ರ್ಯಾಕಿನ ಟೇಪಿನಲ್ಲಿ. ನನ್ನ ಡಬ್ಬಿಯಲ್ಲಿ ಆಂಪ್‌ಗಳ ಸಂತೆಯೇ ಇದೆ. ಈಗ ಬಳಸೋದು ಎರಡು.

ಈ ಸಲ ಟೋನ್ ಕೂರಿಸೋದು ಹಾಲ್‌ನಲ್ಲೇ, ಪೂರ್ತಿ ಸದ್ದಿನಲ್ಲಿ. ನವೆಂಬರಿಗೆ ಬಂದು ಕೇಳಿ, ಹೇಗಿದೆ ಅಂತ ಹೇಳಿ.